‘ಮಿಕ್ಸ್ಚರ್ ಬಿಡು’ ಅಂದರೆ ಏನು?

ಬಿಟಿಎಂ ಲೇಔಟಿನ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಪೈಲಟ್ ಪರೀಕ್ಷೆಗೆ ಪಾಠ ಹೇಳುವ ಕೋಣೆಯೊಂದಿದೆ. ನಿವೃತ್ತನಾದ ಮೇಲೆ ವಾರಕ್ಕೆರಡು ದಿನ ನಾನು ಅಲ್ಲಿಗೆ ಹೋಗುತ್ತೇನೆ. ಸುತ್ತಲಿನ ಪಿಜಿಗಳಲ್ಲಿರುವ ಹುಡುಗ ಹುಡುಗಿಯರು ಕಾಫಿ ಲೋಟ ಹಿಡಿದುಕೊಂಡೇ ಬಂದು ಕೂರುತ್ತಾರೆ. ಕೆಳಗಿನಿಂದ ಪಫ್ಸ್ ವಾಸನೆ ಬರುತ್ತಿರುವಾಗ ನಾನು ಇಂಜಿನ್ನಿನ ಹೊಟ್ಟೆಯೊಳಗಿನ ವಿಷಯ ಹೇಳಬೇಕು. ಮೊನ್ನೆ ನಂದಿತಾ ಎಂಬ ಹುಡುಗಿ ಎದ್ದು ನಿಂತು ಕೇಳಿದಳು:

“ಸಾರ್, ಎಕ್ಸಾಮ್‌ಗೆ ಆನ್ಸರ್ ಗೊತ್ತು. ಆದ್ರೆ ನಿಜವಾಗ್ಲೂ ಪ್ಲೇನಲ್ಲಿ ಕೂತಾಗ ಮಿಕ್ಸ್ಚರ್ ಎಷ್ಟು ಎಳೀಬೇಕು?”

“ಅದನ್ನ ಕೇಳ್ಬೇಕಮ್ಮ,” ಎಂದೆ.

“ಯಾರನ್ನ ಸಾರ್?”

“ಇಂಜಿನ್ನ.”

ಇಡೀ ಕ್ಲಾಸು ನಕ್ಕಿತು. ನಾನು ತಮಾಷೆಗೆ ಹೇಳಿರಲಿಲ್ಲ. ಮನೆಗೆ ಬಂದ ಮೇಲೂ ಅವಳ ಪ್ರಶ್ನೆ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಜೀವಮಾನವಿಡೀ ಸಣ್ಣ ವಿಮಾನ ಹಾರಿಸುವುದನ್ನು ಕಲಿಸಿದವನಿಗೆ ಇಷ್ಟಕ್ಕೆ ನೆಟ್ಟಗೆ ಒಂದು ಉತ್ತರ ಬರಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಅದಕ್ಕೇ ಬರೆಯಲು ಕೂತಿದ್ದೇನೆ. ಓದಿದ ಮೇಲೆ ನಿಮ್ಮ ಗೊಂದಲ ಹೋಗುತ್ತದೆ ಎಂದು ಭರವಸೆ ಕೊಡಲಾರೆ, ಏಕೆಂದರೆ ನನ್ನದೇ ಇನ್ನೂ ಹೋಗಿಲ್ಲ.

ಮೊದಲು ಹೆಸರಿನಿಂದಲೇ ತಾಪತ್ರಯ. ನಾವಿರುವುದು ಜಯನಗರದಲ್ಲಿ. ನಮ್ಮ ರಸ್ತೆಯಲ್ಲಿ ಮಿಕ್ಸ್ಚರ್ ಎಂದರೆ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಕಾಲು ಕೆಜಿ ಕಟ್ಟಿಸಿಕೊಳ್ಳುವ ತಿಂಡಿ. ಮದುವೆಯಾದ ಹೊಸತರಲ್ಲಿ ನಾನು ಫೋನಿನಲ್ಲಿ ಸಹೋದ್ಯೋಗಿಗಳ ಜೊತೆ ದಿನಾ ಮಿಕ್ಸ್ಚರ್ ಜಾಸ್ತಿಯಾಯಿತು, ಕಮ್ಮಿಯಾಯಿತು ಎಂದು ಜಗಳವಾಡುವುದನ್ನು ಕೇಳಿ ನನ್ನ ಅತ್ತೆಯವರು ಮಗಳನ್ನು ಅಡುಗೆಮನೆಗೆ ಕರೆದು, “ವಿಮಾನದ ಕೆಲಸ ಅಂದಿದ್ರಲ್ಲೇ, ಕ್ಯಾಂಟೀನಲ್ಲಾ?” ಎಂದು ಪಿಸುಗುಟ್ಟಿದ್ದರು. ನನ್ನ ಹೆಂಡತಿ ಲಲಿತಾ ಇದನ್ನು ಈಗಲೂ ಬಂದ ನೆಂಟರಿಗೆಲ್ಲ ಹೇಳುತ್ತಾಳೆ.

ನಿಜವಾದ ಮಿಕ್ಸ್ಚರಿನ ಕಥೆ ಇಷ್ಟೇ. ಇಂಜಿನ್ನಿಗೆ ಪೆಟ್ರೋಲೂ ಬೇಕು, ಗಾಳಿಯೂ ಬೇಕು. ವಿಮಾನ ಮೇಲೆ ಹೋದಷ್ಟೂ ಗಾಳಿ ತೆಳುವಾಗುತ್ತದೆ, ಪೆಟ್ರೋಲು ಮಾತ್ರ ಅದರ ಪಾಡಿಗೆ ಬರುತ್ತಿರುತ್ತದೆ. ಹಾಗಾಗಿ ಪೈಲಟ್ಟೇ ಅದನ್ನು ಕೈಯಾರೆ ಕಡಿಮೆ ಮಾಡಬೇಕು. ಅದಕ್ಕೊಂದು ಕೆಂಪು ಗುಂಡಿ. ಒಳಗೆ ತಳ್ಳಿದರೆ ಪೆಟ್ರೋಲು ಜಾಸ್ತಿ, ಅದಕ್ಕೆ ರಿಚ್ ಎನ್ನುತ್ತೇವೆ. ಹೊರಗೆ ಎಳೆದರೆ ಕಮ್ಮಿ, ಅದು ಲೀನ್. ಪೂರ್ತಿ ಎಳೆದುಬಿಟ್ಟರೆ ಇಂಜಿನ್ ನಿಂತೇ ಹೋಗುತ್ತದೆ. ಹಾರಾಟ ಮುಗಿದ ಮೇಲೆ ಇಂಜಿನ್ ನಿಲ್ಲಿಸುವುದೂ ಹೀಗೆಯೇ. ಇಳಿಯುವಾಗ ಗಾಳಿ ಮತ್ತೆ ದಪ್ಪವಾಗುವುದರಿಂದ ಗುಂಡಿಯನ್ನು ಮರೆಯದೆ ಒಳಗೆ ತಳ್ಳಬೇಕು. ಇದನ್ನು ಅರ್ಥ ಮಾಡಿಕೊಳ್ಳಲು ಒಂದು ದಿನ ಸಾಕು.

ಗೊಂದಲ ಶುರುವಾಗುವುದು ನಮ್ಮ ಊರಿನಿಂದ. ಇಂಜಿನ್ನಿನ ಪುಸ್ತಕ ಬರೆದವರು ಸಮುದ್ರದ ಪಕ್ಕ ಕೂತು ಬರೆದಿರಬೇಕು. ಮೂರು ಸಾವಿರ ಅಡಿಯ ತನಕ ರಿಚ್ ಆಗಿಯೇ ಮೇಲೇರಿ, ಅದಕ್ಕಿಂತ ಎತ್ತರದ ಜಾಗವಾದರೆ ಲೀನ್ ಮಾಡಿಕೊಳ್ಳಿ ಎಂದು ಅದರಲ್ಲಿತ್ತು. ಬೆಂಗಳೂರು ಇರುವುದೇ ಸುಮಾರು ಮೂರು ಸಾವಿರ ಅಡಿಯಲ್ಲಿ! ನಾವು ಗೆರೆಯ ಈಚೆಗೋ ಆಚೆಗೋ? ಬೆಳಿಗ್ಗೆ ಚಳಿಯಲ್ಲಿ ಈಚೆ ಎನ್ನಿಸಿದರೆ, ಏಪ್ರಿಲ್ಲಿನ ಮಧ್ಯಾಹ್ನ ಗಾಳಿ ಕಾದು ತೆಳುವಾದಾಗ ಖಂಡಿತ ಆಚೆ. ನಮ್ಮ ಹಳೆಯ ಚೀಫ್, ಅಂದರೆ ಶಾಲೆಯ ಮುಖ್ಯ ಶಿಕ್ಷಕರು, “ನೆಲದ ಹತ್ರ ಇದ್ದೀಯಾ? ಫುಲ್ ರಿಚ್. ಅಷ್ಟೇ. ಮುಂದಿನ ಪ್ರಶ್ನೆ!” ಎಂದು ಮೇಜು ಗುದ್ದುತ್ತಿದ್ದರು. ಅವರ ನಂತರ ಬಂದವರು ಹಿಮಾಲಯದ ಕಡೆ ಹಾರಿಸಿದವರು. ಮೊದಲ ದಿನವೇ ನನ್ನ ಪಕ್ಕ ಕೂತು, ನಾನು ಗುಂಡಿಯನ್ನು ಪೂರ್ತಿ ತಳ್ಳಿದ್ದು ನೋಡಿ, “ಇಂಜಿನ್ನನ್ನು ಪೆಟ್ರೋಲಿನಲ್ಲಿ ಮುಳುಗಿಸಿ ಕೊಲ್ಲಬೇಕೆಂದಿದ್ದೀರಾ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಇಬ್ಬರೂ ನನಗಿಂತ ಹೆಚ್ಚು ತಿಳಿದವರು. ಯಾರ ಮಾತು ಕೇಳಬೇಕೆಂದು ಗೊತ್ತಾಗದೆ ಬಹಳ ದಿನ ನಾನು ಗುಂಡಿಯನ್ನು ಒಂದಿಷ್ಟೇ ಇಷ್ಟು ಹೊರಗಿಟ್ಟು, ಇಬ್ಬರಿಗೂ ಹೌದೆನ್ನುತ್ತಾ ಕಾಲ ತಳ್ಳಿದೆ.

ಎಳೆಯುವುದು, ತಳ್ಳುವುದು ಎಂಬಲ್ಲೂ ಎಡವಟ್ಟುಂಟು. ಜೆ.ಪಿ. ನಗರದ ದಂತವೈದ್ಯರೊಬ್ಬರು ಹವ್ಯಾಸಕ್ಕೆಂದು ಕಲಿಯಲು ಬರುತ್ತಿದ್ದರು. ಬಹಳ ಬುದ್ಧಿವಂತರು. ಡಿಸೆಂಬರಿನ ಚಳಿಯಲ್ಲಿ ಇಂಜಿನ್ ಶುರುವಾಗಿ ಒಂದೆರಡು ಸಲ ಕೆಮ್ಮಿದ ಕೂಡಲೇ ಅವರ ಕೈ ಹೋಗಿ ಕೆಂಪು ಗುಂಡಿಯನ್ನು ಎಳೆದುಬಿಡುತ್ತಿತ್ತು. ಇಂಜಿನ್ ಸುಮ್ಮನಾಗುತ್ತಿತ್ತು. ಮರುದಿನವೂ ಅದೇ ಕಥೆ.

“ಸ್ಟಾರ್ಟ್ ಆಗ್ಲಿ ಅಂತ ಎಳೆದ್ನಲ್ಲಾ ಸಾರ್!”

“ಅದಕ್ಕೇ ನಿಂತಿದ್ದು ಡಾಕ್ಟ್ರೇ.”

ಆಮೇಲೆ ಗೊತ್ತಾಯಿತು. ಅವರ ತಂದೆಯ ಹಳೆಯ ಕಾರಿನಲ್ಲಿ ಚೋಕ್ ಇತ್ತು. ಚಳಿಗೆ ಕಾರು ಕೆಮ್ಮಿದರೆ ಚೋಕ್ ಎಳೆಯಬೇಕು, ಆಗ ಪೆಟ್ರೋಲಿನ ಪಾಲು ಹೆಚ್ಚಾಗುತ್ತದೆ. ವಿಮಾನದಲ್ಲಿ ಎಳೆದರೆ ಕಡಿಮೆಯಾಗುತ್ತದೆ. ಕೆಮ್ಮಿಗೆ ಔಷಧಿ ಎಳೆತ ಎಂದು ಅವರ ಕೈ ಬಾಲ್ಯದಲ್ಲೇ ಕಲಿತುಬಿಟ್ಟಿತ್ತು. ನಾನು ಸ್ವಲ್ಪ ಗದರಿದೆ. ಅವರು ಬೇಸರದಿಂದ, “ನೀವೊಂದು ಹಲ್ಲನ್ನ ತಳ್ಳಿ ಕೀಳಿ ನೋಡೋಣ ಸಾರ್,” ಎಂದರು. ಆ ಮೇಲೆ ಗದರಲಿಲ್ಲ.

ವಿಧಾನಗಳೂ ಬದಲಾಗುತ್ತಾ ಬಂದವು. ನಾನು ಕಲಿತಾಗ ಎಲ್ಲವೂ ಕಿವಿಯ ಕೆಲಸ. ಗುಂಡಿಯನ್ನು ನಿಧಾನವಾಗಿ ಎಳೆಯುತ್ತಾ ಹೋಗು, ಇಂಜಿನ್ ಗೊರಗೊರ ಎಂದಾಗ ಒಂಚೂರು ಒಳಗೆ ತಳ್ಳು, ನಯವಾದಾಗ ನಿಲ್ಲಿಸು. ಆಮೇಲೆ ಹೊಗೆಯ ಬಿಸಿ ತೋರಿಸುವ ಮುಳ್ಳು ಬಂತು. ಎಳೆದಂತೆಲ್ಲ ಬಿಸಿ ಏರುತ್ತದೆ, ತುದಿ ಮುಟ್ಟಿ ಇಳಿಯಲು ಶುರುವಾಗುತ್ತದೆ. ಆ ತುದಿ ನೋಡಿಕೊಂಡು ಗುಂಡಿಯನ್ನು ಸ್ವಲ್ಪ ಒಳಕ್ಕೆ ತಳ್ಳಬೇಕು. ಈಗ ಒಂದೊಂದು ಸಿಲಿಂಡರಿಗೂ ಒಂದೊಂದು ಬಣ್ಣದ ಪಟ್ಟಿ ತೋರಿಸುವ ಪರದೆ ಬಂದಿದೆ. ನಾಲ್ಕು ಸಿಲಿಂಡರು ನಾಲ್ಕು ಮಾತು ಹೇಳುತ್ತವೆ. ಮಕ್ಕಳು ಹೊರಗೆ ನೋಡುವುದು ಬಿಟ್ಟು ಪಟ್ಟಿ ನೋಡುತ್ತಾ ಕೂರುತ್ತಾರೆ. ಇನ್ನು ಕೆಲವು ಹೊಸ ಇಂಜಿನ್ನುಗಳಲ್ಲಿ ಕಂಪ್ಯೂಟರೇ ಎಲ್ಲ ನೋಡಿಕೊಳ್ಳುತ್ತದೆ, ಕೆಂಪು ಗುಂಡಿಯೇ ಇಲ್ಲ. ಅಂಥದೊಂದರಲ್ಲಿ ಕೂತಾಗ ನನ್ನ ಕೈ ಸುಮ್ಮನೆ ಡ್ಯಾಶ್‌ಬೋರ್ಡ್ ತಡಕಾಡಿ ವಾಪಸು ಬಂತು.

ಇಷ್ಟೆಲ್ಲ ಪೀಠಿಕೆ ಹಾಕಿದ್ದು ಗಿರಿಜಾಳ ವಿಷಯ ಹೇಳಲು. ನಂದಿತಾ ಪ್ರಶ್ನೆ ಕೇಳಿದಾಗ ನನಗೆ ನೆನಪಾದದ್ದು ಅವಳೇ.

ಗಿರಿಜಾ ಬಿಟಿಎಂ ಹುಡುಗಿ. ಅಲ್ಲಿ ಲೇಔಟ್ ಆಗುವ ಮೊದಲು ರಾಗಿ ಬೆಳೆಯುತ್ತಿದ್ದ ಹಳ್ಳಿಯ ಮನೆತನದವಳು. ಈಗ ಅವರದೊಂದು ಪಿಜಿ ಕಟ್ಟಡವಿದೆ, ತಾಯಿ ಜಯಮ್ಮನೇ ಅದರ ಊಟತಿಂಡಿ ನೋಡಿಕೊಳ್ಳುತ್ತಾರೆ. ನಮ್ಮ ಶಾಲೆಯಿದ್ದದ್ದು ಊರಿನ ಉತ್ತರ ತುದಿಯ ಸಣ್ಣ ವಿಮಾನ ನಿಲ್ದಾಣದಲ್ಲಿ. ಹುಡುಗಿ ಕತ್ತಲಿರುವಾಗಲೇ ಬಸ್ಸು ಹಿಡಿದು, ಊರನ್ನೆಲ್ಲ ದಾಟಿ, ನನಗಿಂತ ಮೊದಲು ಅಲ್ಲಿರುತ್ತಿದ್ದಳು. ಅವಳಿಗೆ ಕಲಿಸುತ್ತಿದ್ದವನು ಪ್ರಭಾಕರ, ನನಗಿಂತ ಕಿರಿಯ ಶಿಕ್ಷಕ, ನಮ್ಮ ಜಯನಗರದವನೇ. ಪಾಠವನ್ನು ಇಂಗ್ಲಿಷಿನಲ್ಲೇ ಹೇಳುತ್ತಿದ್ದ, ಗಾಬರಿಯಾದರೆ ಮಾತ್ರ ಕನ್ನಡ ಬರುತ್ತಿತ್ತು.

ಒಂದು ದಿನ ಇಬ್ಬರೂ ದೂರ ಹಾರಿ ವಾಪಸು ಬರುತ್ತಿದ್ದರು. ಎತ್ತರದಲ್ಲಿ ಗಿರಿಜಾ ಮಿಕ್ಸ್ಚರನ್ನು ಸರಿಯಾಗಿಯೇ ಲೀನ್ ಮಾಡಿದ್ದಳು. ಇಳಿಯುವಾಗ ಒಳಗೆ ತಳ್ಳಬೇಕಿತ್ತು, ತಳ್ಳಿರಲಿಲ್ಲ. ಇನ್ನೇನು ನೆಲ ಮುಟ್ಟಬೇಕು, ರನ್‌ವೇ ಮೇಲೆ ನಾಯಿಗಳು ಓಡಿಬಂದವು. ಮತ್ತೆ ಮೇಲೇರಲು ಅವಳು ಥ್ರಾಟಲ್ ತಳ್ಳಿ ಇಂಜಿನ್ನಿಗೆ ಪೂರ್ತಿ ಶಕ್ತಿ ಕೊಟ್ಟಳು. ಲೀನ್ ಆಗಿದ್ದ ಇಂಜಿನ್ ಕೆಮ್ಮಿತು, ತಡವರಿಸಿತು. ಪ್ರಭಾಕರ ಕೈ ಚಾಚಿ ಕೆಂಪು ಗುಂಡಿಯನ್ನು ಒಳಕ್ಕೆ ಗುದ್ದಿದ. ಬೇಲಿಯ ಆಚೆಯ ನೀಲಗಿರಿ ಮರಗಳು ಹತ್ತಿರ ಬರುವ ಹೊತ್ತಿಗೆ ಇಂಜಿನ್ ಚೇತರಿಸಿಕೊಂಡಿತು. ನಾನು ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ಚೀಫ್, ಅದೇ ಹಿಮಾಲಯದವರು, ಹೇಳಿದರೂ ಅವಳು ಮಾಡಲಿಲ್ಲ ಎಂಬ ಪ್ರಭಾಕರನ ಮಾತು ಕೇಳಿ ಸಿಟ್ಟಾದರು. ಇಂಜಿನ್ ಗೊತ್ತಿಲ್ಲದವರಿಗೆ ಕಲಿಸಬಹುದು, ಹೇಳಿದ ಮಾತು ಕೇಳದವರಿಗೆ ಕಲಿಸಲಾಗದು ಎಂಬುದು ಅವರ ನಿಯಮ. ಹುಡುಗಿಯನ್ನು ಮನೆಗೆ ಕಳಿಸುವುದೆಂದು ನಿರ್ಧರಿಸಿದರು. ಮಾತು ಕೇಳದವಳೆಂದು ಒಂದು ಶಾಲೆ ಹೊರಹಾಕಿದರೆ ಇನ್ನೊಂದು ಶಾಲೆ ಹತ್ತಿರ ಸೇರಿಸುವುದಿಲ್ಲ, ಅವಳ ಹಾರಾಟ ಅಲ್ಲಿಗೆ ಮುಗಿದಂತೆ. ನಾನು ಸ್ವಲ್ಪ ತಡೆಯಿರಿ ಎಂದೆ. “ಸರಿ, ಇಬ್ಬರನ್ನೂ ನೀವೇ ವಿಚಾರಿಸಿ ಸೋಮವಾರ ಹೇಳಿ,” ಎಂದರು.

ಮೊದಲು ಗಿರಿಜಾಳನ್ನು ಕರೆದೆ.

“ಇಳಿಯುವಾಗ ಪ್ರಭಾಕರ್ ಸಾರ್ ಏನಂದ್ರು?”

“ಮಿಕ್ಸ್ಚರ್ ಬಿಡು ಅಂದ್ರು ಸಾರ್.”

“ನೀನೇನ್ ಮಾಡ್ದೆ?”

“ಬಿಟ್ಟೆ ಸಾರ್.”

ಆಮೇಲೆ ಪ್ರಭಾಕರನನ್ನು ಕರೆದೆ.

“ನೀನೇನಂದೆ?”

“ಮಿಕ್ಸ್ಚರ್ ಬಿಡು ಅಂದೆ.”

“ಅವಳೇನ್ ಮಾಡಿದ್ಲು?”

“ಬಿಡ್ಲಿಲ್ಲ ಸಾರ್. ಕೈ ತೊಡೆ ಮೇಲಿಟ್ಕೊಂಡು ಆರಾಮಾಗಿ ಕೂತಿದ್ಲು. ನಾನೇ ತಳ್ಳೋಣ ಅನ್ನೋಷ್ಟರಲ್ಲಿ ನಾಯಿಗಳು ಬಂದ್ವು.”

ನನಗೆ ತಲೆ ಕೆಟ್ಟುಹೋಯಿತು. ಹೇಳಿದ ಮಾತಿನ ಬಗ್ಗೆ ಇಬ್ಬರಿಗೂ ಜಗಳವಿಲ್ಲ. ಒಬ್ಬಳು ಬಿಟ್ಟೆ ಎನ್ನುತ್ತಾಳೆ, ಇನ್ನೊಬ್ಬ ಬಿಡಲಿಲ್ಲ ಎನ್ನುತ್ತಾನೆ. ಒಬ್ಬರು ಸುಳ್ಳು ಹೇಳುತ್ತಿರಬೇಕು. ಪ್ರಭಾಕರ ಸುಳ್ಳು ಹೇಳುವ ಪೈಕಿಯಲ್ಲ. ಹುಡುಗಿಯ ಮುಖ ನೋಡಿದರೆ ಅವಳೂ ಅಲ್ಲ. ಗುಂಡಿಯೇ ಸಿಕ್ಕಿಹಾಕಿಕೊಂಡಿತ್ತೋ ಎಂದು ನಾನೇ ಹೋಗಿ ಎಳೆದು ತಳ್ಳಿ ನೋಡಿದೆ, ಬೆಣ್ಣೆಯ ಹಾಗೆ ಹೋಗಿ ಬರುತ್ತಿತ್ತು. ಮಳೆಗಾಲದಲ್ಲಿ ಕಾರ್ಬುರೇಟರಿನೊಳಗೆ ಐಸ್ ಕಟ್ಟಿದರೂ ಇಂಜಿನ್ ಹೀಗೆಯೇ ಕೆಮ್ಮುತ್ತದೆ, ಅದೇ ಇರಬಹುದೇ ಎಂದು ಯೋಚಿಸಿದೆ. ಅವತ್ತು ಸುಡುವ ಬಿಸಿಲು, ಒಣಗಾಳಿ. ಅದೂ ಅಲ್ಲ.

ಮರುದಿನ ಜಯಮ್ಮನವರೇ ಮಗಳ ಜೊತೆ ಬಂದರು. ನನ್ನ ಕೈಗೆ ಒಂದು ಟಿಫಿನ್ ಡಬ್ಬಿ ಕೊಟ್ಟು ನಿಂತರು.

“ಸಾ, ನಮ್ ಮಗೀಗೆ ಕಿವಿ ಚೆನ್ನಾಗೈತೆ. ನಾನ್ ಮೂರನೇ ಮಹಡೀಲಿ ಕೂಗುದ್ರೆ ಕೆಳಗ್ ಕೇಳುಸ್ಕತಾಳೆ. ಯೋಳಿದ್ ಮಾತ್ ಕೇಳಾಕಿಲ್ಲ ಅಂತ ಕಳುಸ್ಬ್ಯಾಡಿ ಸಾ.”

“ನೋಡೋಣಮ್ಮ,” ಎಂದೆ.

“ಅವಳ್ ತಪ್ಪಿದ್ರೆ ಕಳ್ಸಿ. ತಪ್ಪಿಲ್ದೆ ಕಳುಸ್ಬ್ಯಾಡಿ.”

ಗಿರಿಜಾ ನೆಲ ನೋಡುತ್ತಾ ನಿಂತಿದ್ದಳು. ಡಬ್ಬಿಯಲ್ಲಿದ್ದ ಒಬ್ಬಟ್ಟು ತಿನ್ನಲೂ ಮನಸ್ಸಾಗದೆ ಹಾಗೇ ಮನೆಗೆ ತಂದೆ.

ಭಾನುವಾರ ಬನಶಂಕರಿಯ ಛತ್ರವೊಂದರಲ್ಲಿ ಲಲಿತಾಳ ಅಕ್ಕನ ಮಗನ ಮದುವೆ. ಎಲೆಯ ಮುಂದೆ ಕೂತಿದ್ದರೂ ನನ್ನ ತಲೆಯಲ್ಲಿ ಬಿಟ್ಟೆ, ಬಿಡಲಿಲ್ಲ ಇದೇ ಓಡುತ್ತಿತ್ತು. ಬಡಿಸುವವನು ತುಪ್ಪದ ಗಿಂಡಿ ಹಿಡಿದು ಬಂದ.

“ತುಪ್ಪ ಸಾರ್?”

ಡಾಕ್ಟರು ತುಪ್ಪ ಮುಟ್ಟಬೇಡಿ ಎಂದಿದ್ದರು. “ಬಿಡಪ್ಪ,” ಎಂದೆ. ಅವನು ಸಂತೋಷದಿಂದ ಅನ್ನದ ಮೇಲೆ ಧಾರೆಯಾಗಿ ಸುರಿದ. “ಅಯ್ಯೋ, ಬಿಡು ಬಿಡು!” ಎಂದು ಕೂಗಿದೆ. ಇನ್ನೂ ಎರಡು ಸೌಟಿನಷ್ಟು ಸುರಿದು, ಇಂಥವರಿಗೆ ಬಡಿಸಬೇಕು ನೋಡಿ ಎನ್ನುವ ಮುಖ ಮಾಡಿಕೊಂಡು ಮುಂದೆ ಹೋದ.

“ಏನ್ರೀ ಇದು? ಡಾಕ್ಟ್ರು ಬೇಡ ಅಂದಿಲ್ವಾ?” ಎಂದಳು ಲಲಿತಾ.

“ನಾನು ಬಿಡು ಅಂದೆ ಕಣೇ!”

“ಅದಕ್ಕೇ ಬಿಟ್ಟ.”

ಕಲಸುತ್ತಿದ್ದ ಕೈ ನಿಂತುಹೋಯಿತು. ತುಪ್ಪದಲ್ಲಿ ತೇಲುತ್ತಿದ್ದ ಅನ್ನ ನೋಡುತ್ತಾ ಕೂತೆ. ಪಕ್ಕದವರು ನನಗೆ ಮೈ ಸರಿಯಿಲ್ಲವೇನೋ ಎಂದು ನೀರು ಕೊಟ್ಟರು. ಅಲ್ಲಿಂದಲೇ ಕೈ ತೊಳೆದು ಗಿರಿಜಾಳಿಗೆ ಫೋನ್ ಮಾಡಿದೆ.

“ನಿಮ್ಮನೇಲಿ ಊಟಕ್ಕೆ ತುಪ್ಪ ಬಿಡ್ತೀರೇನಮ್ಮ?”

“ಇಲ್ಲ ಸಾರ್. ಯಾಕ್ ಬಿಡ್ತೀವಿ, ಎಲ್ಲಾರೂ ತಿಂತೀವಿ.”

“ಮತ್ತೆ ಅನ್ನದ ಮೇಲೆ ಏನ್ ಮಾಡ್ತೀರಿ?”

“ಹುಯ್ತೀವಿ ಸಾರ್. ಯಾಕೆ ಸಾರ್, ಏನಾಯ್ತು?”

ಪ್ರಭಾಕರನ ಮನೆಯಲ್ಲಿ ತುಪ್ಪ ಬಿಡುತ್ತಾರೆ, ಹಾಲು ಬಿಡುತ್ತಾರೆ. ಇಂಜಿನ್ನಿಗೆ ಪೆಟ್ರೋಲು ಬಿಡು ಎಂಬ ಅರ್ಥದಲ್ಲಿ ಅವನು ಮಿಕ್ಸ್ಚರ್ ಬಿಡು ಎಂದಿದ್ದ. ಗಿರಿಜಾಳ ಮನೆಯಲ್ಲಿ ಹುಯ್ಯುತ್ತಾರೆ. ಬಿಡು ಎಂದರೆ ಅವಳಿಗೆ ಮುಟ್ಟಬೇಡ, ಅದರ ಪಾಡಿಗೆ ಇರಲಿ ಎಂದು. ಗುಂಡಿಯ ಮೇಲಿದ್ದ ಕೈಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಹೇಳಿದ ಮಾತನ್ನು ಅಕ್ಷರಶಃ ಕೇಳಿದ್ದಕ್ಕೆ, ಮಾತು ಕೇಳದವಳೆಂದು ಮನೆಗೆ ಹೋಗಲಿದ್ದಳು.

ಸೋಮವಾರ ಚೀಫ್ ಮುಂದೆ ಇದನ್ನೆಲ್ಲ ಹೇಳಿದೆ. ಅವರಿಗೆ ಕನ್ನಡ ಬರುತ್ತಿರಲಿಲ್ಲ. ಕೊಡುವುದಕ್ಕೂ ಮುಟ್ಟದೇ ಇರುವುದಕ್ಕೂ ಒಂದೇ ಪದವೇ ಎಂದು ನಂಬದೆ ನೋಡಿದರು. ನನಗೆ ಹುರುಪು ಬಂತು. ಸಾರ್, ನಮ್ಮಲ್ಲಿ ಮೀಸೆ ಬಿಟ್ಟರೆ ಬರುತ್ತದೆ, ಸಿಗರೇಟು ಬಿಟ್ಟರೆ ಹೋಗುತ್ತದೆ ಎಂದೆ. ಬಸ್ಸು ಬಿಡುತ್ತದೆ, ಸ್ಕೂಲು ಬಿಡುತ್ತದೆ, ಗಿಡ ಹೂ ಬಿಡುತ್ತದೆ, ಗಂಡ ಹೆಂಡತಿಯನ್ನು ಬಿಡುತ್ತಾನೆ ಎಂದೆ. ಹೇಳುತ್ತಾ ಹೋದಂತೆ ನನಗೇ ಯಾವುದು ಯಾವ ಬಿಡು ಎಂದು ಕಲಸುಮೇಲೋಗರವಾಯಿತು. ಅವರು ಹಣೆ ಹಿಡಿದುಕೊಂಡು, “ನೀವೆಲ್ಲ ಇಷ್ಟು ವರ್ಷ ಬದುಕಿರುವುದೇ ಆಶ್ಚರ್ಯ,” ಎಂದರು. ಆಮೇಲೆ ಎದ್ದು ಟೋಪಿ ಹಾಕಿಕೊಂಡು, ಹುಡುಗಿಯ ಜೊತೆ ನೀವು ಕೂತುಕೊಳ್ಳಿ, ನಾನು ಹಿಂದೆ ಕೂತು ನೋಡುತ್ತೇನೆ ಎಂದರು.

ಹಾರಿದೆವು. ಎತ್ತರಕ್ಕೆ ಹೋಗಿ ಅವಳು ಲೀನ್ ಮಾಡಿದಳು, ಕಿವಿಯನ್ನೂ ಮುಳ್ಳನ್ನೂ ಎರಡನ್ನೂ ಬಳಸಿ. ಇಳಿಯಲು ಶುರುಮಾಡಿದಾಗ ನನಗೆ ಭಯ ಶುರುವಾಯಿತು. ನಾನು ಏನನ್ನಬೇಕು? ಬಿಡು ಎನ್ನುವಂತಿಲ್ಲ. ಕೊಡು ಎಂದರೆ ಯಾವುದನ್ನು ಕೊಡಬೇಕು? ಜಾಸ್ತಿ ಮಾಡು ಎಂದರೆ ಎಳೆಯುವುದನ್ನು ಜಾಸ್ತಿ ಮಾಡಿಬಿಟ್ಟರೆ? ಅಷ್ಟರಲ್ಲಿ ಗಿರಿಜಾ ಅಂಗೈಯಿಂದ ಗುಂಡಿ ತಳ್ಳುತ್ತಾ ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡಳು: “ಮಿಕ್ಸ್ಚರ್ ಒಳಗೆ.” ನಾನು ಉಸಿರು ಬಿಟ್ಟೆ.

ಇಳಿದು, ಹ್ಯಾಂಗರಿನ ಹತ್ತಿರ ಬಂದು ನಿಂತೆವು. ಇಂಜಿನ್ ಇನ್ನೂ ಓಡುತ್ತಿತ್ತು. ಗಿರಿಜಾ ತಿರುಗಿ ನೋಡಲಿಲ್ಲ. ನಾನು ಹಿಂದೆ ತಿರುಗಿ, ಏನು ಮಾಡೋಣ ಸಾರ್ ಎಂದೆ. ಚೀಫ್ ಗಂಭೀರವಾಗಿ, ತಾವು ಅವತ್ತಷ್ಟೇ ಕಲಿತ ಒಂದೇ ಒಂದು ಕನ್ನಡ ಪದ ಹೇಳಿದರು.

“ಬಿಡು.”

ನಾವಿಬ್ಬರೂ ಕಲ್ಲಾದೆವು. ಕಳಿಸಿಬಿಡು ಎಂದೋ? ಆ ವಿಷಯ ಬಿಟ್ಟುಬಿಡು ಎಂದೋ? ಗಿರಿಜಾಳ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಚೀಫ್ ತಮ್ಮ ಬೆಲ್ಟ್ ಬಿಚ್ಚಿದರು, ನನ್ನ ಭುಜ ತಟ್ಟಿ ನೀವೂ ಇಳಿಯಿರಿ ಎಂದು ಸನ್ನೆ ಮಾಡಿದರು. ಇಬ್ಬರೂ ಇಳಿದ ಮೇಲೆ ಬಾಗಿಲನ್ನು ಹೊರಗಿನಿಂದ ಭದ್ರವಾಗಿ ಹಾಕಿ, ಕಿಟಕಿಯಲ್ಲಿ ಬಗ್ಗಿ, ಕೆರೆಯ ತನಕ ಹೋಗಿ, ಮೇಲೇರಿ, ಲೀನ್ ಮಾಡಿ, ಇಳಿದು ಬಾ, ಒಬ್ಬಳೇ ಎಂದರು. ಆಗ ಅರ್ಥವಾಯಿತು. ಅವಳನ್ನು ಬಿಡು, ಹಾರಲು ಬಿಡು.

ಅವಳು ಹೋದಳು. ನಾವಿಬ್ಬರೂ ಬಿಸಿಲಲ್ಲಿ ನಿಂತೆವು. ಕೆಳಗೆ ನಿಂತವನಿಗೆ ಒಳಗಿನ ಕೆಂಪು ಗುಂಡಿ ಕಾಣುವುದಿಲ್ಲ, ಶಬ್ದ ಮಾತ್ರ. ವಾಪಸು ಬಂದು ಇನ್ನೇನು ಇಳಿಯಬೇಕು, ಚೀಫ್ ಕೈಲಿದ್ದ ರೇಡಿಯೋದಲ್ಲಿ, ಇಳಿಯಬೇಡ, ಮತ್ತೆ ಮೇಲೇರು ಎಂದರು. ಆವತ್ತು ನಾಯಿಗಳು ಇರಲಿಲ್ಲ, ಬೇಕೆಂದೇ ಹೇಳಿದ್ದು. ನಾನು ಕಣ್ಣು ಮುಚ್ಚಿಕೊಂಡೆ. ಇಂಜಿನ್ ಕೆಮ್ಮಲಿಲ್ಲ. ತುಂಬು ದನಿಯಲ್ಲಿ ನಮ್ಮ ತಲೆಯ ಮೇಲಿಂದ ಹೋಯಿತು.

ಸುತ್ತು ಹಾಕಿ ಇಳಿದು ಬಂದು, ಇಂಜಿನ್ ನಿಲ್ಲಿಸಿ ಕೆಳಗಿಳಿದವಳನ್ನು, ಹೇಗಿತ್ತಮ್ಮ ಎಂದು ಕೇಳಿದೆ. ಅವಳು ಅಳುತ್ತಲೂ ನಗುತ್ತಲೂ ಹೇಳಿದಳು:

“ಈ ಸಲ ಪಕ್ಕದಲ್ಲಿ ಕೂತು ಯಾರೂ ಏನೂ ಹೇಳ್ಲಿಲ್ವಲ್ಲ ಸಾರ್, ಅದಕ್ಕೇ ಸರಿಹೋಯ್ತು.”

ಚೀಫ್ ನನ್ನ ಕಡೆ ತಿರುಗಿ, ಏನೆನ್ನುತ್ತಿದ್ದಾಳೆ ಎಂದು ಕೇಳಿದರು.

“ಬಿಡಿ ಸಾರ್,” ಎಂದೆ.

ಅದು ಯಾವ ಬಿಡು ಎಂದು ಅವರು ಕೇಳಲಿಲ್ಲ.